ಕೆಂಪು ಕಂಡ ಮರಗಳು

ದೊಡ್ಡವರ ಎದುರು ಮಾತು ಹೊರಡುವುದಿಲ್ಲ ಎಂಬ ಅಳುಕನ್ನು ಜಾಹ್ನವಿ ಡೈರಿಗೆ ಬಿಟ್ಟು ಇನ್ನಾರಿಗೂ ಹೇಳಿರಲಿಲ್ಲ. ಅರಣ್ಯ ಇಲಾಖೆಯ ಸಮೀಕ್ಷೆಗೆಂದು ಮೇಲಧಿಕಾರಿಯ ಜೊತೆ ಹತ್ತಿದ ಹೆಲಿಕಾಪ್ಟರಿನಲ್ಲೂ ಹಾಗೇ ಆಯಿತು. ದುಂಬಿ ಕೊರೆದ ಮರದ ಎಲೆ ಒಣಗಿ ಕೆಂಪಾಗುತ್ತದೆ. ಮೇಲಿನಿಂದ ಕೆಂಪು ಕಂಡಲ್ಲೆಲ್ಲ ನಕ್ಷೆಯಲ್ಲಿ ಚುಕ್ಕೆ ಇಡುವುದು ಅವಳ ಕೆಲಸ. 'ಸರ್, ಕೆಳಗಿಳಿದು ಒಮ್ಮೆ ಹತ್ತಿರದಿಂದ ನೋಡೋಣವಾ?' ಎಂದು ಕೇಳಬೇಕೆಂದಿದ್ದಳು. ಕೇಳಲಿಲ್ಲ.

"ಇಷ್ಟೊಂದಾ!" ಮೇಲಧಿಕಾರಿ ಹಿರೇಮಠರು ನಕ್ಷೆ ನೋಡಿ ಹೌಹಾರಿದರು. "ದುಂಬಿ ಪಕ್ಕದ ಬೆಟ್ಟಕ್ಕೆ ಹಾರೋ ಮೊದಲೇ ಎಲ್ಲ ಕಡಿಸಿಬಿಡಿ."

ನಾಲ್ಕೇ ದಿನದಲ್ಲಿ ಬೆಟ್ಟದ ಒಂದು ಮಗ್ಗುಲು ಬೋಳಾಯಿತು. ಫೋಟೋ ತೆಗೆಸಲೆಂದು ಅವಳನ್ನೂ ಅಲ್ಲಿಗೆ ಕರೆದೊಯ್ದರು.

"ನೋಡ್ರಪ್ಪಾ, ಮಾತೇ ಆಡದ ಹುಡುಗಿ ಇಡೀ ಕಾಡು ಉಳಿಸಿದ್ದಾಳೆ!" ಹಿರೇಮಠರು ನಕ್ಕರು. "ಏನಮ್ಮಾ, ಇವತ್ತಾದ್ರೂ ಬಾಯಿ ಬಿಡು. ಎಲ್ಲಿ, ಒಂದು ದುಂಬಿ ಹಿಡಿದು ತೋರಿಸು ನೋಡೋಣ."

ಅವಳು ಉರುಳಿಬಿದ್ದ ಕಾಂಡಗಳನ್ನು ಒಂದೊಂದಾಗಿ ತಡವುತ್ತ ಹೋದಳು. ಎಲ್ಲೂ ಒಂದೂ ತೂತಿರಲಿಲ್ಲ. ಕೊನೆಗೆ ಕೊಂಬೆಯೊಂದರಿಂದ ಕೆಂಪೆಲೆ ಕಿತ್ತು ತಂದು ಅವರ ಅಂಗೈಯಲ್ಲಿಟ್ಟಳು.

"ಸರ್, ಇದು ಒಣಗಿದ್ದಲ್ಲ," ಎಂದಳು. "ಚಿಗುರು."