ಕಿವಿಗೊಡುವ ತರಬೇತಿ

“ಅಳು ಸಹಜವಾಗಿಲ್ಲಮ್ಮ, ಇನ್ನೊಂದ್ಸಲ ಬಾಗಿಲಿಂದ ಬನ್ನಿ,” ಎಂದರು ಮೃಣಾಲಿನಿ ಮೇಡಂ. ರೋಗಿಗಳ ಮನೆಯವರ ಮಾತಿಗೆ ಕಿವಿಗೊಡುವುದನ್ನು ಆಸ್ಪತ್ರೆಯ ಸಮಾಜ ಕಾರ್ಯಕರ್ತರಿಗೆ ನಾಟಕವಾಡಿಸಿ ಕಲಿಸುವ ಹೊಣೆ ಅವರದು. ಆ ವಿದ್ಯೆಯಲ್ಲಿ ಅವರನ್ನು ಮೀರಿಸುವವರಿರಲಿಲ್ಲ.

ಅಳುತ್ತ ಒಳಬಂದಿದ್ದ ಹೆಂಗಸು ಹೊರಗೆ ಹೋಗಿ ಮತ್ತೆ ಬಂದಳು. “ಅಮ್ಮಾರೆ, ನಮ್ಮೆಜಮಾನ್ರ ಕಾಲು ಈಗ್ಲೇ ತೆಗೀತಾರಂತೆ. ಇನ್ನೊಬ್ರು ಡಾಕ್ಟ್ರಿಗೆ ತೋರ್ಸೋಗಂಟ ತಡೀರಿ ಅಂತ ನೀವೊಂದ್ ಮಾತು ಹೇಳಿ.”

“ಮಾತು ಪರವಾಗಿಲ್ಲ. ಕೈ ಯಾಕೆ ಅಷ್ಟೊಂದು ನಡುಗಿಸ್ತೀರಿ? ಅತಿಯಾಯ್ತು.”

“ತಾನಾಗೇ ನಡುಗ್ತದೆ ಅಮ್ಮಾರೆ.”

“ನೋಡಿ, ಹೇಗೆ ಪಾತ್ರದೊಳಗೇ ಇಳಿದುಬಿಟ್ಟಿದಾರೆ,” ಎಂದು ಮೇಡಂ ಕಾರ್ಯಕರ್ತರತ್ತ ತಿರುಗಿದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು, ರೋಗಿಯ ಹೆಂಡತಿಯ ಪಾತ್ರ ಮಾಡಬೇಕಿದ್ದ ನಾಟಕದ ಹುಡುಗಿ, ಬಸ್ಸು ತಡವಾಯಿತೆಂದು ಕೈಮುಗಿಯುತ್ತ ಒಳಗೆ ಬಂದಳು.