ಪರಿಹಾರದ ಸುತ್ತಿನಲ್ಲಿ ಅತ್ತೆ

ಅಮೆರಿಕದ ಫುಟ್‌ಬಾಲಿನಲ್ಲಿ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್ ಪದ್ಧತಿ ನಮ್ಮ ಸಂಸಾರಗಳಿಗೂ ಕಾಯಿದೆಯಾದ ಮೇಲೆ, ಅರಸೀಕೆರೆಯ ಸಮುದಾಯ ಭವನದಲ್ಲಿ ಪ್ರತಿ ಯುಗಾದಿಗೆ ಮನೆಯವರು ಸರದಿಯಂತೆ ಹಿರಿಯರನ್ನು ಆರಿಸಿಕೊಳ್ಳುತ್ತಾರೆ. ಹೋದ ವರ್ಷ ಜಲಜಾಕ್ಷಿಯ ಅತ್ತೆ ಪುಟ್ಟಗೌರಮ್ಮ ಜಗಳವಾಡಿಕೊಂಡು ಬೇರೆ ಮನೆ ಸೇರಿದ್ದರು. ಹೀಗೆ ಹಿರಿಯರನ್ನು ಕಳೆದುಕೊಂಡ ಮನೆಗೆ ಪರಿಹಾರವಾಗಿ ಮೂರನೇ ಸುತ್ತಿನ ಕೊನೆಯಲ್ಲಿ ಒಂದು ಆಯ್ಕೆ ಸಿಗುತ್ತದೆ. ಈ ಸಲ ಆ ಮನೆಯನ್ನೂ ಬಿಟ್ಟು ಅತ್ತೆ ಮತ್ತೆ ಆಯ್ಕೆಯ ಪಟ್ಟಿಯಲ್ಲಿದ್ದರು; ಜಲಜಾಕ್ಷಿಗೆ ಅವರೇ ಬೇಕಿತ್ತು. ಬೈಯುವವರಿಲ್ಲದೆ ಅವಳ ಮನೆಗೆ ಬೆಳಗೇ ಆಗುತ್ತಿರಲಿಲ್ಲ.

ಅವಳಿಗಿಂತ ಒಂದು ಸರದಿ ಮುಂದಿದ್ದ ಪಕ್ಕದ ಮನೆಯ ಚನ್ನಕೇಶವ ಮೆಲ್ಲಗೆ ಕೆಣಕಿದ. "ನಿಮ್ಮತ್ತೆ ಕೈಯಡುಗೆ ಚೆನ್ನಂತೆ. ನಾನೇ ತಗೊಳ್ತೀನಿ. ಬೇಡಾಂದ್ರೆ ನನ್ನ ಸರದಿ ನಿಮಗೆ ಬಿಡ್ತೀನಿ, ಬದಲಿಗೆ ಮುಂದಿನ ವರ್ಷದ ನಿಮ್ಮ ಮೊದಲ ಸುತ್ತಿನ ಆಯ್ಕೆ ಕೊಡಿ."

"ಧಾರಾಳವಾಗಿ ತಗೊಳ್ಳಿ. ಬೆಳಗ್ಗೆ ಎಬ್ಬಿಸೋದು ಮಾತ್ರ ಹೀಗೆ," ಎಂದು ಜಲಜಾಕ್ಷಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಅತ್ತೆಯ ದನಿ ತೆಗೆದಳು. "ಏನೋ ಕೇಶವಾ, ಸೂರ್ಯ ನಿನ್ನ ಅಪ್ಪಣೆ ಕೇಳಿ ಹುಟ್ಟಬೇಕಾ? ಈ ಕಾಫಿನ ಯಾವ ಕೆರೇಲಿ ಮೊಗೆದೆ?"

ಭವನವೆಲ್ಲ ನಕ್ಕಿತು. ಸರದಿ ಬಂದಾಗ ಚನ್ನಕೇಶವ ಮೆತ್ತಗಿನ ನಿವೃತ್ತ ಮೇಷ್ಟ್ರೊಬ್ಬರನ್ನು ಆರಿಸಿಕೊಂಡ.

ಜಲಜಾಕ್ಷಿ ಎದ್ದು, "ಪುಟ್ಟಗೌರಮ್ಮ" ಎಂದಳು.

ಹಿರಿಯರ ಸಾಲಿನಲ್ಲಿ ಕೂತು ಎಲ್ಲ ಕೇಳಿಸಿಕೊಂಡಿದ್ದ ಅತ್ತೆ ಟ್ರಂಕು ಹಿಡಿದು ಹತ್ತಿರ ಬಂದರು. "ನನ್ನ ದನಿ ಅಷ್ಟು ಕರ್ಕಶವೇನೇ?"

"ಇಲ್ಲ ಅತ್ತೆ, ಸ್ವಲ್ಪ ಕಮ್ಮೀನೇ ಮಾಡಿದೆ."

"ಅದೇ ತಪ್ಪು. ಸರಿಯಾಗಿ ಮಾಡಿದ್ದಿದ್ರೆ ಆ ಕೇಶವ ಕುರ್ಚಿ ಬಿಟ್ಟು ಓಡಿರ್ತಿದ್ದ. ನಡಿ, ಮನೇಲಿ ಕಲಿಸ್ತೀನಿ."