ಡೆರಿಕ್‌ನ ಚರ್ಚಿನಲ್ಲಿ

ಪುಣೆಯ ಹಳೆಯ ಚರ್ಚಿನ ಬೆಂಚಿನಲ್ಲಿ ಕೂತ ಮಹದೇವಪ್ಪ ಅದರ ಮರವನ್ನು ಅಂಗೈಯಿಂದ ಒತ್ತಿ ಒತ್ತಿ ನೋಡುತ್ತಿದ್ದರು. ಪಕ್ಕದಲ್ಲಿದ್ದ ಮಗಳು ರಂಜಿನಿ ಅವರ ಮುಖವನ್ನೇ ಗಮನಿಸುತ್ತಿದ್ದಳು. ಇದೇ ಚರ್ಚಿಗೆ ಬರುವ ಡೆರಿಕ್‌ನನ್ನು ಮದುವೆಯಾಗುತ್ತೇನೆಂದು ಅವಳು ಹೇಳಿದಾಗಿನಿಂದ ಅಪ್ಪ ಆ ಮಾತೇ ಎತ್ತಿರಲಿಲ್ಲ. ಮೈಸೂರಿನಿಂದ ಬಂದವರು ಬೆಳಿಗ್ಗೆ ಪೇಶ್ವೆಗಳ ಶನಿವಾರವಾಡೆಯಲ್ಲೂ ಕೋಟೆ ಬಾಗಿಲಿನ ಮೊಳೆಗಳನ್ನಷ್ಟೇ ಹೊಗಳಿದ್ದರು.

"ಈ ಚರ್ಚಿಗೂ ಪೇಶ್ವೆಯವರೇ ಜಾಗ ಕೊಟ್ಟಿದ್ದಂತೆ, ಅಪ್ಪ," ಎಂದಳು ಅಳುಕುತ್ತ.

ಮಹದೇವಪ್ಪ ತಲೆಯೆತ್ತಿ ಸಾಲು ಸಾಲು ಬೆಂಚುಗಳನ್ನು ನೋಡಿದರು. "ಎಲ್ಲ ಚೆನ್ನಾಗಿದೆ. ಆದ್ರೆ ಈ ಬೆಂಚು ತುಂಬಾ ಗಟ್ಟಿ ಕಣಮ್ಮ. ನಿಮ್ಮಜ್ಜಿಗೆ ಸೊಂಟ ಹಿಡ್ಕೊಳ್ಳುತ್ತೆ. ಮದುವೆ ದಿನ ಒಂದು ದಿಂಬು ತರೋಣ."

ರಂಜಿನಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಅರ್ಥವಾದೊಡನೆ ಅಪ್ಪನ ತೋಳಿಗೆ ಜೋತುಬಿದ್ದು, ಚರ್ಚಿನಲ್ಲಿದ್ದೇನೆ ಎಂಬುದನ್ನೂ ಮರೆತು ಜೋರಾಗಿ ನಕ್ಕುಬಿಟ್ಟಳು.